ನಾಲ್ಕು ದಿನದ ಗಡ್ಡ

ನನ್ನ ಕನ್ನಡಿಯ ಮುಂದೆ ಕಾಡಿಗೆ, ಪೌಡರು, ಬಾಚಣಿಗೆಗಳ ನಡುವೆ ಒಂದು ಔಡಲೆಣ್ಣೆಯ ಶೀಸೆ ಇದೆ. ಮೊದಲು ಅದರಲ್ಲಿ ಕೆಮ್ಮಿನ ಔಷಧಿ ಇತ್ತು; ಅದರ ಚೀಟಿ ಅರ್ಧ ಹರಿದು ಇನ್ನೂ ಅಂಟಿಕೊಂಡಿದೆ. ಮುಚ್ಚಳ ಸರಿಯಾಗಿ ಕೂಡುವುದಿಲ್ಲವೆಂದು ಬಾಯಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲದ ತುಂಡೂ ಪಕ್ಕದಲ್ಲೇ ಇದೆ. ಕೋಣೆಗೆ ಬಂದವರೆಲ್ಲ ಅದನ್ನು ಒಮ್ಮೆ ಕೈಗೆತ್ತಿಕೊಂಡು, ಮೂಸಿ, ಮುಖ ಸಿಂಡರಿಸಿ ಇಡುತ್ತಾರೆ. "ಇದೇನ್ರಿ ಭಾರತಿ ಅಕ್ಕಾರ, ಇಷ್ಟ ಚಂದ ಚಂದ ಡಬ್ಬಿ ನಡಕ ಇದೊಂದು?" ಎಂದು ಮನೆ ಮಾಲೀಕರ ಸೊಸೆ ಕೇಳಿದಳು. ಕೂದಲು ಬೆಳೆಯಲಿಕ್ಕೆ ಎಂದೆ. ಸುಳ್ಳೇನಲ್ಲ. ಯಾವ ಕೂದಲು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಎಣ್ಣೆ ಕೊಟ್ಟವನು ನನ್ನ ಅಪ್ಪ. ಕೊಟ್ಟದ್ದು ನನ್ನ ಗಡ್ಡಕ್ಕೆ. ಇಷ್ಟು ಹೇಳಿದರೆ ನಿಮಗೆ ತಲೆಬುಡ ತಿಳಿಯಲಿಕ್ಕಿಲ್ಲ. ಸ್ವಲ್ಪ ಹಿಂದಿನಿಂದ ಬರಬೇಕು. ನಾನು ಹುಟ್ಟಿದ್ದು ಹೊನವಾಡದಲ್ಲಿ, ಹಿರಿಯ ಮಗನಾಗಿ, ಬಸವರಾಜ ಎಂಬ ಹೆಸರಿನಲ್ಲಿ. ಈಗ ಇರುವುದು ವಿಜಯಪುರದಲ್ಲಿ, ಭಾರತಿಯಾಗಿ, ಒಂದು ಫೋಟೋ ಸ್ಟುಡಿಯೋದ ಕೆಲಸದಲ್ಲಿ. ಹೆಸರು ಬದಲಿಸಿಕೊಂಡೆ, ಬಟ್ಟೆ ಬದಲಿಸಿಕೊಂಡೆ, ನಡಿಗೆಯಂತೂ ಮೊದಲಿಂದಲೂ ನನ್ನದೇ ಇತ್ತು. ಗಡ್ಡ ಮಾತ್ರ ಬಸವರಾಜನ ಕಡೆಗೇ ನಿಂತಿತು. ಬೆಳಿಗ್ಗೆ ಏಳಕ್ಕೆ ಬೋಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಪೌಡರಿನ ಕೆಳಗಿನಿಂದ ಹಸಿರು ನೆರಳು ಬಿಟ್ಟುಕೊಂಡು ಹಾಜರಾಗುತ್ತಿತ್ತು. ಅಷ್ಟು ನಿಯತ್ತಿನ ಗಡ್ಡವನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ದೇವರಿಗೆ ಒಳ್ಳೆಯ ಹೆಸರಾದರೂ ಬರುತ್ತಿತ್ತು.

ಮುಖದ ಕೂದಲು ಕೀಳುವುದನ್ನು ನಾನು ಮೊದಲು ನೋಡಿದ್ದು ಜೈನಾಪುರದಲ್ಲಿ. ಬಬಲೇಶ್ವರದ ಹತ್ತಿರದ ಆ ಊರು ಅವ್ವನ ತವರು. ಅಲ್ಲಿದ್ದ ನಮ್ಮ ದೊಡ್ಡವ್ವನಿಗೆ ಗದ್ದದ ಮೇಲೆ ಏಳೆಂಟು ಕೂದಲು. ಮಧ್ಯಾಹ್ನ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು, ಒಲೆಯ ಬೂದಿಯನ್ನು ಎರಡು ಬೆರಳಿಗೆ ಹಚ್ಚಿಕೊಂಡು, ಹೋಗಿಬರುವವರ ಜೊತೆ ಮಾತಾಡುತ್ತಲೇ ಒಂದೊಂದನ್ನು ಕಿತ್ತೆಸೆಯುತ್ತಿದ್ದಳು. "ಬೂದಿ ಹಚ್ಚದಿದ್ರ ಜಾರತೈತಿ ನೋಡು," ಎಂದು ನನಗೆ ಪಾಠವೂ ಆಗುತ್ತಿತ್ತು. ಮಾತು ತಪ್ಪದೆ, ಲೆಕ್ಕ ತಪ್ಪದೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಕೀಳುತ್ತಿದ್ದ ಆ ಕೈಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ನಿನಗೂ ಬರ್ತಾವ ತಡಿ. ಆವಾಗ ಮೀಸಿ ಹುರಿ ಮಾಡಕೊಂತ ತಿರಗ್ಯಾಡುವಂತಿ," ಎಂದಳು ಒಂದು ದಿನ.

"ನಂಗ ಬ್ಯಾಡ. ಬಂದ್ರ ನಾನೂ ಬೂದಿ ಹಚ್ಚಿ ಕೀಳ್ತೀನಿ," ಎಂದೆ.

ಕಟ್ಟೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಏಳು ವರ್ಷದ ಮಗುವಿನ ಮಾತಿಗೆ ನಗುವುದು ಎಷ್ಟು ಸುಲಭ ನೋಡಿ. ಅದೇ ಮಾತನ್ನು ಹದಿನಾರರಲ್ಲಿ ಹೇಳಿದ್ದರೆ ನಗುವವರು ಬೇರೆ ಥರ ನಗುತ್ತಿದ್ದರು. ಅದಕ್ಕೇ ಹದಿನಾರರಲ್ಲಿ ನಾನು ಹೇಳಲಿಲ್ಲ, ಕದ್ದೆ. ಅಪ್ಪನ ಉಡದಾರದಲ್ಲಿ ಮುಳ್ಳು ತೆಗೆಯುವ ಒಂದು ಪುಟ್ಟ ಚಿಮಟಿಗೆ ಸದಾ ಇರುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಕಾಲಿಗೆ ಜಾಲಿಮುಳ್ಳು ನೆಟ್ಟಾಗಲೆಲ್ಲ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, "ಅಳಬ್ಯಾಡ, ಬಂತ ನೋಡು, ಬಂತ ನೋಡು," ಎನ್ನುತ್ತ ಅದರಿಂದಲೇ ಕಿತ್ತು ತೋರಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಅದನ್ನು ಬಿಚ್ಚಿಕೊಂಡು, ದನದ ಕೊಟ್ಟಿಗೆಯಲ್ಲಿ ಕನ್ನಡಿ ಚೂರು ಹಿಡಿದು ಮೀಸೆಯ ಚಿಗುರನ್ನೆಲ್ಲ ಕಿತ್ತೆ. ನನ್ನ ಗ್ರಹಚಾರ, ಅಂದು ಸಂಜೆಯೇ ಅಪ್ಪ ಹಿಮ್ಮಡಿಗೆ ಮುಳ್ಳು ಚುಚ್ಚಿಸಿಕೊಂಡು ಬಂದ. "ಯಾರರ ನನ್ನ ಚಿಮಟಿಗಿ ನೋಡೀರೇನ್ರೆಪಾ?" ಎಂದು ಮನೆಯೆಲ್ಲ ಹುಡುಕಿದ. ಅದು ನನ್ನ ಮುಷ್ಟಿಯಲ್ಲೇ ಇತ್ತು. ಕೊಟ್ಟರೆ ಯಾಕೆ ಒಯ್ದಿದ್ದೆ ಎಂದು ಕೇಳುತ್ತಾನೆ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಅಪ್ಪ ಮೂರು ದಿನ ಕುಂಟಿದ.

ಸ್ಟುಡಿಯೋದಲ್ಲಿ ನನ್ನ ಕೆಲಸವೇನೆಂದರೆ ಜನರ ಮುಖ ಸ್ವಚ್ಛ ಮಾಡುವುದು. ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಕುಳಿತವರ ಮೊಡವೆ, ಕಲೆ, ನಿದ್ದೆಗೆಟ್ಟ ಕಣ್ಣಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸುತ್ತೇನೆ. ಕನ್ಯೆ ನೋಡಲು ಕಳಿಸುವ ಫೋಟೋವಾದರೆ ವರನ ಗಡ್ಡದ ನೆರಳನ್ನೂ ತೆಗೆಯಬೇಕು. ಒಂದು ಕ್ಲಿಕ್ಕಿಗೆ ಒಂದು ಕೆನ್ನೆ. "ಅಕ್ಕಾರ, ಇನ್ನೊಂಚೂರು ನುಣ್ಣಗ ಮಾಡ್ರಿ," ಎನ್ನುತ್ತಾರೆ. ಮಾಡುತ್ತೇನೆ. ದಿನಕ್ಕೆ ಇಪ್ಪತ್ತು ಗಂಡಸರ ಗಡ್ಡ ಅಳಿಸಿ ಮನೆಗೆ ಬಂದು, ದುಪಟ್ಟಾ ಬಿಚ್ಚಿ, ನನ್ನದನ್ನು ನೋಡಿಕೊಂಡರೆ ಅಳುವೂ ನಗುವೂ ಒಟ್ಟಿಗೇ ಬರುತ್ತಿದ್ದವು.

ಕಡೆಗೊಂದು ದಿನ ಧೈರ್ಯ ಮಾಡಿ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಮದುವೆ ಗೊತ್ತಾದ ಹುಡುಗಿಯರ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಡಾಕ್ಟರಮ್ಮ ನನ್ನ ಗದ್ದವನ್ನು ಬೆಳಕಿಗೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಕಿತ್ತೀರೇನು?" ಹೌದೆಂದೆ. ಬೈದರು. "ಇನ್ನಮ್ಯಾಲ ಚಿಮಟಿಗಿ ಮುಟ್ಟಬ್ಯಾಡ್ರಿ, ದಾರ ಹಚ್ಚಬ್ಯಾಡ್ರಿ. ಬರೇ ಬೋಳಿಸ್ರಿ. ಲೇಸರ್ ಸುಡೂದು ಬೇರಿನ್ಯಾಗಿನ ಕರಿ ಬಣ್ಣಾನ್ರಿ. ನೀವು ಬೇರ ಕಿತ್ತ ಒಗದ ಬಂದ್ರ ನಾ ಏನ ಸುಡ್ಲಿ?"

"ಪೂರಾ ಹೋಗತಾವೇನ್ರಿ?" ಎಂದೆ.

"ಬಾಳಷ್ಟ ಹೋಗತಾವ. ಆದ್ರ ಒಂದ ಸಲಕ್ಕ ಅಲ್ಲ. ಎಂಟ ಹತ್ತ ಸಲ ಬರಬೇಕಾಗತೈತಿ, ನಡಕ ಆರಾರು ವಾರ ಬಿಟ್ಟು. ಬರೂಕಿಂತ ಮುಂಚೆ ನಾಕ ದಿನ ಬೆಳಸ್ಕೊಂಡ ಬರ್ರಿ. ಎಲ್ಲೆಲ್ಲಿ ಉಳದಾವ ನೋಡಿ ಗುರ್ತ ಹಾಕ್ತೀನಿ. ಆಮ್ಯಾಲ ಇಲ್ಲೇ ಬೋಳಿಸಿ ಲೇಸರ್ ಹೊಡಿಯೂದು."

ನೋವಿನ ಮಾತು ಬಿಡಿ. ರಬ್ಬರ್ ಬ್ಯಾಂಡು ಎಳೆದು ತುಟಿಯ ಮೇಲೆ ನೂರು ಸಲ ಬಿಟ್ಟಂತೆ ಇರುತ್ತದೆ, ಹಬ್ಬದ ದಿನ ಕುರಿಯ ತಲೆ ಸುಡುವಾಗಿನ ವಾಸನೆ ಸ್ವಂತ ಮುಖದಿಂದಲೇ ಬರುತ್ತದೆ. ಅದನ್ನೆಲ್ಲ ತಡೆದುಕೊಳ್ಳಬಹುದು. ನನಗೆ ತಡೆಯಲಾಗದಿದ್ದದ್ದು ಆ ನಾಲ್ಕು ದಿನ. ಹೆಣ್ಣಿನ ಮುಖ ಬೇಕೆಂದು ಹೊರಟವಳು ಮೊದಲು ನಾಲ್ಕು ದಿನ ಗಡ್ಡ ಬಿಟ್ಟುಕೊಂಡು ಇರಬೇಕು. ಸ್ಟುಡಿಯೋಕ್ಕೆ ಹೇಗೆ ಹೋಗಲಿ? ಓಣಿಯ ನಲ್ಲಿಗೆ ಹೇಗೆ ಬರಲಿ? ಮೊದಲ ಸಲ ಜ್ವರವೆಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡು ಬಿದ್ದುಕೊಂಡಿದ್ದೆ. ಎರಡನೆಯ ಸಲ ಒಂದು ಉಪಾಯ ಹೊಳೆಯಿತು. ಈ ಗಡ್ಡವನ್ನು ಕಂಡರೆ ಸಂತೋಷಪಡುವ ಮನುಷ್ಯ ಜಗತ್ತಿನಲ್ಲಿ ಒಬ್ಬನಿದ್ದಾನೆ. ಊರಿಗೇ ಹೋದರಾಯಿತು.

ಅದಕ್ಕೂ ಮುಂಚೆ ನಾನು ಊರಿಗೆ ಹೋಗಿ ಎರಡು ವರ್ಷವಾಗಿತ್ತು. "ಆ ಬೋಳ ಮಾರಿ ತಗೊಂಡ ನನ್ನ ಮುಂದ ಬರಬ್ಯಾಡ," ಎಂದಿದ್ದ ಅಪ್ಪ, ಒಂದು ಸಲ ನುಣ್ಣಗಿನ ಮುಖದಲ್ಲಿ ಪೌಡರಿನ ಬಿಳಿ ಕಂಡು. ಈಗ ಮೂರು ದಿನ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಹೇಗೋ ಕಳೆದು, ನಾಲ್ಕನೆಯ ದಿನ ಆ ಗಡ್ಡ ಹೊತ್ತು ಬಸ್ಸು ಹತ್ತಿದೆ. ನಡುದಾರಿಯ ಟಿಕೋಟಾದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದಲ್ಲ, ಅಷ್ಟರಲ್ಲಿ ಮೂಗಿನ ನತ್ತು, ಕಿವಿಯ ಓಲೆ ತೆಗೆದು ಪರ್ಸಿಗೆ ಹಾಕಿದೆ. ಹಳೆಯ ಪ್ಯಾಂಟು ಶರ್ಟು ಮನೆಯಿಂದಲೇ ಹಾಕಿಕೊಂಡಿದ್ದೆ; ಉದ್ದ ಕೂದಲನ್ನು ಟೊಪ್ಪಿಗೆಯೊಳಗೆ ತುರುಕಿದೆ. ಮನೆಯಲ್ಲಿ ಕೇಳಿದರೆ ಹೇಳಲು ಹರಕೆಯ ಕೂದಲು ಎಂಬ ಸುಳ್ಳು ತಯಾರಿತ್ತು.

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಇಡೀ ಆಯುಷ್ಯ ಬೇರೆಯವರ ದ್ರಾಕ್ಷಿ ಪಡದಲ್ಲಿ ಬಳ್ಳಿ ಸವರುವ ಚಾಟನಿ ಕೆಲಸ ಮಾಡಿದವನು. ಯಾವ ಬಳ್ಳಿಯನ್ನು ಎಲ್ಲಿ ಕತ್ತರಿಸಿದರೆ ಎಲ್ಲಿ ಚಿಗುರುತ್ತದೆಂದು ನೋಡಿದೊಡನೆ ಹೇಳುತ್ತಿದ್ದ. ನನ್ನ ಮುಖವನ್ನೂ ಹಾಗೆಯೇ ನೋಡಿದ. "ಈಗ ನೋಡು, ಗಂಡಸಿನಂಗ ಕಾಣ್ತಿ," ಎಂದ. ಆಮೇಲೆ ಒಳಗೆ ಕೂಗಿದ. "ಏ ಇವಳ, ಬಸೂ ಬಂದಾನ, ರೊಟ್ಟಿ ಹಚ್ಚು." ಎರಡು ವರ್ಷದ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ಉಂಡೆ. ಆ ರೊಟ್ಟಿಗೋಸ್ಕರ ಇನ್ನೂ ನಾಲ್ಕು ದಿನ ಗಡ್ಡ ಬಿಡು ಎಂದಿದ್ದರೂ ಬಿಡುತ್ತಿದ್ದೆ. ಮರುದಿನ ವಿಜಯಪುರಕ್ಕೆ ಬಂದು ಅದನ್ನು ಸುಡಿಸಿಕೊಂಡೆ.

ಹೀಗೆ ಶುರುವಾಯಿತು. ಆರು ವಾರಕ್ಕೊಮ್ಮೆ ನಾಲ್ಕು ದಿನ ಬೆಳೆಸುವುದು, ಹೊನವಾಡಕ್ಕೆ ಹೋಗಿ ಅಪ್ಪನಿಗೆ ತೋರಿಸುವುದು, ಬಂದು ಡಾಕ್ಟರಮ್ಮನಿಗೆ ತೋರಿಸುವುದು. ಇಬ್ಬರೂ ಎಷ್ಟು ಉಳಿದಿದೆ ಎಂದು ಗದ್ದ ಹಿಡಿದು ನೋಡುತ್ತಿದ್ದರು. ಒಬ್ಬರಿಗೆ ಕಡಿಮೆಯಾದಷ್ಟೂ ಖುಷಿ. ಇನ್ನೊಬ್ಬನಿಗೆ ಕಡಿಮೆಯಾದಷ್ಟೂ ಮುಖ ಸಣ್ಣದಾಗುತ್ತಿತ್ತು. ನನಗೋ, ಮೊದಲು ಕಾಣದ ಒಂದು ವಿಷಯ ಆಗ ಕಂಡಿತು. ಗಡ್ಡ ಮುಗಿದ ದಿನ ಊರಿಗೆ ಹೋಗುವುದೂ ಮುಗಿಯುತ್ತದೆ.

ಐದನೆಯ ಸಲಕ್ಕೆ ಕೆನ್ನೆಗಳು ಪೂರ್ತಿ ಬಯಲಾಗಿದ್ದವು. ಅಪ್ಪ ಗದ್ದ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದ. ಆಮೇಲೆ, "ಊಟ ಬರೋಬ್ಬರಿ ಮಾಡಾಕತ್ತಿಲ್ಲೇನ?" ಎಂದ. ಮಾಡುತ್ತೇನೆ ಎಂದೆ. "ನಿದ್ದಿ?" ಅದೂ ಬರುತ್ತದೆ ಎಂದೆ. "ಮತ್ತ ಟೊಪ್ಪಿಗಿ ಯಾಕ ತಗಿಯವಲ್ಲಿ?" ಹರಕೆ, ನಾಲ್ಕು ಜನರ ಮುಂದೆ ಬಿಡಬಾರದು ಎಂದೆ. ಎದ್ದು ಒಳಗೆ ಹೋಗಿ ಈ ಶೀಸೆ ತಂದ. "ಔಡಲೆಣ್ಣಿ. ಮನ್ಯಾಗ ಮಾಡಿಸಿದ್ದು. ದಿನಾ ರಾತ್ರಿ ಗದ್ದಕ್ಕ ತಿಕ್ಕು, ದಟ್ಟ ಬರತೈತಿ." ಶೀಸೆಯ ಬಾಯಿಗೆ ಚೀಲದ ತುಂಡನ್ನು ತಾನೇ ಕಟ್ಟಿಕೊಟ್ಟ, ಬಸ್ಸಿನಲ್ಲಿ ಸೋರಬಾರದೆಂದು. ನಾನು ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ನಕ್ಕೆ. ಇಟ್ಟಂಗಿಹಾಳದ ಹೊಲಗಳು ದಾಟುವವರೆಗೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಎಂಟನೆಯ ಸಲ ಡಾಕ್ಟರಮ್ಮ ಕನ್ನಡಿ ಕೊಟ್ಟು ತೋರಿಸಿದರು. ಎಡಗಡೆ ಗದ್ದದ ಕೆಳಗೆ ಎರಡು ಬೆರಳಗಲ ಜಾಗದಲ್ಲಿ ಮಾತ್ರ ಕೂದಲಿತ್ತು. "ಇದೊಂದ ಹೋತಂದ್ರ ಮುಗೀತ ನೋಡ್ರಿ."

"ಇದೊಂದ ಇರ್ಲಿ ಬಿಡ್ರಿ ಸದ್ಯಕ್ಕ," ಎಂದೆ.

ಅವರು ಹುಬ್ಬೇರಿಸಿದರು. ಬರುವವರೆಲ್ಲ ಒಂದೂ ಉಳಿಸಬೇಡಿ ಎಂದು ಅಳುತ್ತಾರಂತೆ, ಉಳಿಸಿ ಎಂದವಳು ನಾನೊಬ್ಬಳೇ. ಅಪ್ಪನಿಗೆ ಇಷ್ಟನ್ನು ತೋರಿಸಿ ಇನ್ನೊಂದೆರಡು ಸಲ ಉಂಡು ಬರೋಣ, ಆಮೇಲೆ ಇದನ್ನೂ ತೆಗೆಸಿ, ಒಂದು ದಿನ ನತ್ತು ಬಿಚ್ಚದೆ ಹೋಗಿ, "ನೋಡಪಾ, ಇದ ನನ್ನ ಮಾರಿ," ಎಂದು ಹೇಳೋಣ ಎಂದುಕೊಂಡಿದ್ದೆ. ಅವನು ಬೈಯಲಿ, ಹೊರಗೆ ಹಾಕಲಿ, ನೋಡಿದರೆ ಸಾಕು. ನನ್ನ ಮುಖವನ್ನು ಅಪ್ಪ ಒಂದು ಸಲ ನೋಡಬೇಕು ಎಂಬ ಆಸೆ ನನಗೆ ಬಹಳ ಇತ್ತು. ಧೈರ್ಯ ಅಷ್ಟು ಇರಲಿಲ್ಲ. ಆ ಎರಡು ಬೆರಳಗಲದ ಹಿಂದೆ ಅಡಗಿಕೊಂಡು ಮುಂದೂಡುತ್ತ ಹೋದೆ.

ಒಂದು ಬುಧವಾರ ಅಪ್ಪ ಫೋನು ಮಾಡಿದ. ಅವನಾಗಿಯೇ ಮಾಡುವವನಲ್ಲ, ತಮ್ಮ ಮಲ್ಲು ಹಚ್ಚಿಕೊಟ್ಟಿದ್ದ. ದನಿಯಲ್ಲಿ ಏದುಸಿರು ಇತ್ತು.

"ಬಸೂ, ಯಾವಾಗ ಬರ್ತಿ?"

ಅಂದು ಬೆಳಿಗ್ಗೆಯಷ್ಟೇ ಪೂರ್ತಿ ಬೋಳಿಸಿಕೊಂಡಿದ್ದೆ. ಗದ್ದದ ಮೇಲೆ ಕೈಯಾಡಿಸಿಕೊಂಡೆ. ನುಣ್ಣಗಿತ್ತು.

"ನಾಕ ದಿನ ಬಿಟ್ಟ ಬರ್ತೀನಪಾ."

"ನಾಳಿ ಬರಾಕ ಆಗೂದಿಲ್ಲೇನ?"

"ಕೆಲಸ ಐತಪಾ. ಐತಾರ ಬರ್ತೀನಿ."

"ಹೂಂ. ಐತಾರ ಬಾ ಹಂಗಾರ," ಎಂದ.

ಕೆಲಸವೇನೂ ಇರಲಿಲ್ಲ. ಗುರುವಾರ ಬೋಳಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಕನ್ನಡಿಯಲ್ಲಿ ಎಷ್ಟು ಬಂದಿದೆ ಎಂದು ನೋಡಿಕೊಳ್ಳುತ್ತಿದ್ದಾಗ ಮಲ್ಲುನ ಫೋನು ಬಂತು. "ಅಪ್ಪ ಹೋದ," ಎಂದ. ಎರಡು ದಿನದ ಕೂದಲಿತ್ತು ಆಗ.

ಬಸ್ಸು ಟಿಕೋಟಾದಲ್ಲಿ ನಿಂತದ್ದೂ ನನಗೆ ನೆನಪಿಲ್ಲ. ನತ್ತು ಬಿಚ್ಚಲಿಲ್ಲ, ಓಲೆ ಬಿಚ್ಚಲಿಲ್ಲ, ಟೊಪ್ಪಿಗೆ ತಂದಿರಲೇ ಇಲ್ಲ. ಮೈಮೇಲಿದ್ದ ಚೂಡಿದಾರದಲ್ಲೇ ಹೊನವಾಡದಲ್ಲಿ ಇಳಿದಾಗ ಮಾತ್ರ ಅದು ತಿಳಿಯಿತು. ಅಂಗಳದ ಜನ ಸರಿದು ದಾರಿ ಬಿಟ್ಟರು. ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ. "ಎರಡ ದಿನದಿಂದ ಬಾಗಲಾ ನೋಡಾಕತ್ತಿದ್ನೋ ಯಪ್ಪಾ, ಐತಾರ ಆತೇನ, ಐತಾರ ಆತೇನ ಅಂತ ಕೇಳಾಕತ್ತಿದ್ದ," ಎಂದು ಅತ್ತಳು. ನಾನು ಅಪ್ಪನ ಮುಂದೆ ಕುಳಿತು ಮುಖವನ್ನು ಅವನ ಮುಖಕ್ಕೆ ಎದುರಾಗಿ ಹಿಡಿದೆ. ಕಣ್ಣು ಮುಚ್ಚಿದ್ದವು. ಮೀಸೆಯನ್ನು ಯಾರೋ ನೀಟಾಗಿ ಬಾಚಿದ್ದರು.

ಮೂರನೆಯ ದಿನ ಗಂಡುಮಕ್ಕಳು ತಲೆ, ಮೀಸೆ ತೆಗೆಸುವ ಪದ್ಧತಿ ನಮ್ಮಲ್ಲಿ. ಆ ಮೂರನೆಯ ದಿನ ಐತವಾರವೇ ಬಿತ್ತು. ಕ್ಷೌರದ ಈರಪ್ಪಕಾಕಾ ಬಾವಿಯ ಹತ್ತಿರ ಪೆಟ್ಟಿಗೆ ಬಿಚ್ಚಿದ. ಮಲ್ಲುನದು ಮುಗಿಯಿತು. ಹಿರಿಯರು ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. "ಹಿರೇಮಗಂದು ಆಗಬೇಕಲ್ಲ?" ಎಂದರು ಒಬ್ಬರು. "ಅಲ್ಲಿ ತಗಿಯಾಕ ಏನ ಉಳದೈತಿ?" ಎಂದರು ಇನ್ನೊಬ್ಬರು. ಯಾರೋ ಕಿಸಕ್ಕೆಂದರು. ನನಗೆ ಎದ್ದು ಓಡಬೇಕೆನಿಸಿತು.

"ನೀ ಬಾ ಇಲ್ಲಿ," ಎಂದ ಈರಪ್ಪಕಾಕಾ. ಮಣೆಯ ಮೇಲೆ ಕೂಡಿಸಿದ. "ಇದು ಹರಕಿ ಕೂದಲಾ. ಇದರಪ್ಪನ ನನಗ ಹೇಳಿದ್ದ. ಇದನ್ನ ನಾ ಮುಟ್ಟೂದಿಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದು ನನ್ನ ಜಡೆಯನ್ನು ಹಿಂದಕ್ಕೆ ಸರಿಸಿದ. ನೀರು ಹಚ್ಚಿ ಹೆಬ್ಬೆರಳಿನಿಂದ ಮುಖವನ್ನೆಲ್ಲ ತಡವಿದ. ಮೇಲ್ದುಟಿ, ಕೆನ್ನೆ, ಗದ್ದ. ಎಡಗಡೆ ಗದ್ದದ ಕೆಳಗೆ ಬೆರಳು ನಿಂತಿತು. ನಾಲ್ಕು ದಿನದ ಕೂದಲು.

"ಐತಿ ಬಿಡ್ರಿ. ಇಷ್ಟ ಸಾಕು," ಎಂದು ಎರಡೇ ಎಳೆತಕ್ಕೆ ತೆಗೆದ. ಆಮೇಲೆ ಕತ್ತಿ ಒರೆಸುತ್ತ ನನಗಷ್ಟೇ ಕೇಳುವ ಹಾಗೆ, "ಉಳದದ್ದು ಎಲ್ಲಿ ಹೋತವಾ? ನಾ ನಲವತ್ತ ವರ್ಷ ಬೋಳಿಸೇನಿ, ಒಬ್ಬರದೂ ಹಿಂಗ ಹೋಗಿಲ್ಲ," ಎಂದ.

"ಬಿಜಾಪುರದಾಗ ಕಾಕಾ. ಲೇಸರ್ ಅಂತ ಇರತೈತಿ. ನಾನ ತಗಸೀನಿ."

ಅವನು ಕತ್ತಿ ಕೆಳಗಿಟ್ಟ. "ಬ್ಯಾನಿ ಅಲ್ಲೇನ ಹಂಗಾರ ಇದು?"

"ಯಾವ ಬ್ಯಾನಿ?"

"ನಿಮ್ಮಪ್ಪ ಆರ ತಿಂಗಳ ಹಿಂದ ನನ್ನ ಮುಂದ ಕುಂತು ಅತ್ತನವಾ. ನಮ್ಮ ಬಸೂನ ಗಡ್ಡ ಉದರಾಕತ್ತೇತಿ, ತಲಿಮ್ಯಾಲಿನ ಟೊಪ್ಪಿಗಿ ತಗಿಯವಲ್ಲ. ಮಿರಜದ ಕ್ಯಾನ್ಸರ್ ದವಾಖಾನಿಗೆ ಹೋಗಿ ಬಂದವರ ಕೂದಲ ಹಿಂಗ ಉದರ್ತಾವಲ್ಲ, ಅದ ಬ್ಯಾನಿ ಬಂದಿರಬೇಕು, ನಾವು ಅಳ್ತೀವಂತ ನಮ್ಮ ಮುಂದ ಹೇಳವಲ್ಲ, ಅಂದ. ನನಗಿಂತ ಮೊದಲ ಹೋಗ್ತಾನೇನೋ ಅಂತ ಅತ್ತ. ಔಡಲೆಣ್ಣಿ ಹಚ್ಚಸಂತ ಹೇಳಿದಾಂವ ನಾನ."

ಅಪ್ಪನಿಗೆ ನೋವಾಗಬಾರದೆಂದು ಗಡ್ಡ ಹೊತ್ತುಕೊಂಡು ಹೋಗುತ್ತಿದ್ದೆ. ಅವನು ಪ್ರತಿ ಸಲ ನನ್ನ ಸಾವನ್ನು ಅಳೆಯುತ್ತ ಕುಳಿತಿದ್ದ. ನಾಳೆಯೇ ಬಾ ಎಂದದ್ದು ತನಗೋಸ್ಕರವೋ ನನಗೋಸ್ಕರವೋ, ಇನ್ನು ಯಾರನ್ನು ಕೇಳಲಿ? ಒಂದೇ ಒಂದು ಸಲ ನತ್ತು ಬಿಚ್ಚದೆ ಹೋಗಿದ್ದರೆ ಅವನು ಸಿಟ್ಟಿನಲ್ಲಿ ಸಾಯುತ್ತಿದ್ದ. ಭಯದಲ್ಲಿ ಸಾಯುತ್ತಿರಲಿಲ್ಲ. ಮಣೆಯ ಮೇಲೆ ಕುಳಿತು ನಾನು ಅತ್ತದ್ದನ್ನು ನೋಡಿದವರು, ಪರವಾಗಿಲ್ಲ, ಹಿರಿಯ ಮಗ ಚೆನ್ನಾಗಿಯೇ ಅತ್ತ ಎಂದುಕೊಂಡಿರಬೇಕು.

ದಿನಕರ್ಮ ಮುಗಿಸಿ ವಿಜಯಪುರಕ್ಕೆ ಬಂದ ಮೇಲೆ ಡಾಕ್ಟರಮ್ಮನಿಗೆ ಫೋನು ಮಾಡಿ, ಉಳಿದದ್ದನ್ನೂ ತೆಗೆದುಬಿಡಿ ಎಂದೆ. ನಾಲ್ಕು ದಿನ ಬೆಳೆಸಿಕೊಂಡು ಬನ್ನಿ ಎಂದರು. ಬೆಳೆಸಿದೆ. ಹೋಗಿ ತೋರಿಸಲು ಯಾರೂ ಇಲ್ಲದ ಮೊದಲ ನಾಲ್ಕು ದಿನ. ಕೊನೆಯ ದಿನ ಸಂಜೆ ಕನ್ನಡಿಯ ಮುಂದೆ ಕುಳಿತಾಗ ಶೀಸೆ ಕಣ್ಣಿಗೆ ಬಿತ್ತು. ಅಷ್ಟು ದಿನ ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಅಪ್ಪ ಕಟ್ಟಿದ ಗಂಟನ್ನು ಉಗುರಿನಿಂದ ಬಿಡಿಸಿ, ಎರಡು ಹನಿ ತೆಗೆದುಕೊಂಡು, ಆ ಎರಡು ಬೆರಳಗಲಕ್ಕೆ ಚೆನ್ನಾಗಿ ತಿಕ್ಕಿದೆ. ಅವನು ಹೇಳಿದ ಹಾಗೆಯೇ.

ಮರುದಿನ ಡಾಕ್ಟರಮ್ಮ ಬೆರಳಿಟ್ಟು ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಏನರ ಎಣ್ಣಿ ಹಚ್ಚೀರೇನ್ರಿ? ಇಷ್ಟ ಜಿಡ್ಡ ಇದ್ರ ಚರ್ಮಾ ಸುಡತೈತ್ರಿ. ಇವತ್ತ ಮಾಡಾಕ ಬರೂದಿಲ್ಲ. ನಾಕ ದಿನ ಬಿಟ್ಟ ಬರ್ರಿ."

ಹೂಂ ಎಂದು ಎದ್ದು ಬಂದೆ. ಆ ನಾಲ್ಕು ದಿನ ಮುಗಿದು ಈಗ ಬಹಳ ದಿನವಾಯಿತು. ಇನ್ನೂ ಹೋಗಿಲ್ಲ.